ಯಾವ ಆಂಟೆನಾ ಅಂತ ಕೇಳೋ ಮುಂಚೆ, ಕೇಬಲ್ ಎಷ್ಟುದ್ದ ಹೇಳಿ

ನಮ್ಮ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಯಾರೂ ಟವರ್ ನೋಡಿ ಮನೆ ಕಟ್ಟಿದವರಲ್ಲ. ನೀರು ಎಲ್ಲಿದೆ, ತೋಟ ಎಲ್ಲಿದೆ ಅಂತ ನೋಡಿ ಕಟ್ಟಿದರು. ಹಾಗಾಗಿ ಮನೆ ತಗ್ಗಿನಲ್ಲಿ, ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳು ಗುಡ್ಡ ಹತ್ತಿ, ಟಾರ್ಪಾಲು ಕಟ್ಟಿಕೊಂಡು ಆನ್‌ಲೈನ್ ಪಾಠ ಕೇಳಿದ್ದು ನಮ್ಮ ಕಡೆಯವರಿಗೆ ಇನ್ನೂ ಮರೆತಿಲ್ಲ. ಅವತ್ತಿನಿಂದ ನನಗೆ ಬರುವ ಫೋನು ಒಂದೇ ಥರ. "ರೂಟರ್‌ಗೆ ಹೊರಗಡೆ ಆಂಟೆನಾ ಹಾಕಬೇಕು ಮಾರಾಯ್ರೆ, ಯಾವುದು ಒಳ್ಳೇದು?" ರೂಟರ್ ಅಂದರೆ ಸಿಮ್ ಹಾಕಿ, ಟವರಿನ ಸಿಗ್ನಲ್ ಹಿಡಿದು ಮನೆಗೆ ವೈಫೈ ಕೊಡುವ 4ಜಿ ಪೆಟ್ಟಿಗೆ.

ನಾನು ತಿರುಗಿ ಕೇಳೋದು ಒಂದೇ. ರೂಟರ್ ಎಲ್ಲಿ ಇಡ್ತೀರಿ, ಆಂಟೆನಾ ಎಲ್ಲಿ ನಿಲ್ಲಿಸ್ತೀರಿ, ನಡುವೆ ಎಷ್ಟು ಮೀಟರ್ ಕೇಬಲ್? ಇದಕ್ಕೆ ಉತ್ತರ ಸಿಕ್ಕರೆ ಆಂಟೆನಾ ಯಾವುದು ಅನ್ನೋದು ಅರ್ಧ ತೀರ್ಮಾನ ಆದ ಹಾಗೆ. ಆದರೆ ಹೆಚ್ಚಿನವರು ಆಂಟೆನಾ ಮೊದಲು ತಂದು, ಆಮೇಲೆ ಕೇಬಲ್ ಹುಡುಕುತ್ತಾರೆ. ನಾನೂ ಅದೇ ಮಾಡಿದ್ದೆ.

ನನ್ನ ಮೊದಲ ಆಂಟೆನಾ ಆನ್‌ಲೈನ್‌ನಲ್ಲಿ ತರಿಸಿದ್ದು. ಗೇಣುದ್ದದ ಕಡ್ಡಿ, ಕೆಳಗೆ ಅಯಸ್ಕಾಂತ, ಹತ್ತು ಮೀಟರ್ ಸಪೂರ ಕೇಬಲ್. ಅದು ಬಂದ ಪೆಟ್ಟಿಗೆಯ ಮೇಲೆ 35 ಡಿಬಿಐ (ಆಂಟೆನಾದಿಂದ ಸಿಗುವ ಲಾಭದ ಅಳತೆ) ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಹಂಚಿನ ಮಾಡಿನ ಮೇಲೆ ಇಟ್ಟು, ಕೇಬಲ್ ಒಳಗೆ ತಂದು ರೂಟರ್‌ಗೆ ಸಿಕ್ಕಿಸಿದೆ. ಮೊದಲು ಸಿಗ್ನಲ್ಲಿನ ಎರಡು ಕಡ್ಡಿ ತೋರಿಸುತ್ತಿದ್ದ ರೂಟರ್ ಒಂದಕ್ಕೆ ಇಳಿಯಿತು. ನಾನು ಆಂಟೆನಾ ಕೆಟ್ಟದ್ದು ಅಂದುಕೊಂಡೆ. ಕೆಟ್ಟದ್ದೇ, ಅದು ಬೇರೆ ಮಾತು. ಆದರೆ ನಿಜವಾಗಿ ಸಿಗ್ನಲ್ ತಿಂದದ್ದು ಆ ಕೇಬಲ್.

ದಬ್ಬೆಯ ನೀರಿನ ಲೆಕ್ಕ

ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ಮನೆಗೆ ನೀರು ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಬ್ಬೆ ಉದ್ದ ಆದಷ್ಟೂ, ಜೋಡಣೆ ಜಾಸ್ತಿ ಆದಷ್ಟೂ ನೀರು ಸೋರುತ್ತದೆ. ಮೇಲೆ ಎಷ್ಟೇ ದೊಡ್ಡ ಅಬ್ಬಿ ಇರಲಿ, ಹಂಡೆಗೆ ಬೀಳುವುದು ಉಳಿದಷ್ಟು ಮಾತ್ರ. ಆಂಟೆನಾ ಕೇಬಲ್ ಕೂಡ ಹಾಗೇ. ಸೋರಿಕೆಯನ್ನು ಡಿಬಿಯಲ್ಲಿ ಲೆಕ್ಕ ಹಾಕುತ್ತಾರೆ. 3 ಡಿಬಿ ಹೋದರೆ ಅರ್ಧ ಹೋಯಿತು. 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಇಷ್ಟು ಗೊತ್ತಿದ್ದರೆ ಸಾಕು.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಆರ್‌ಜಿ-58. ಪೆನ್ಸಿಲ್‌ಗಿಂತ ಸಪೂರ, ಕಪ್ಪು ಬಣ್ಣ. 2.4 ಗಿಗಾಹರ್ಟ್ಸ್‌ನಲ್ಲಿ, ಅಂದರೆ ವೈಫೈ ಓಡುವಲ್ಲಿ, ಇದು ಮೀಟರ್‌ಗೆ ಸುಮಾರು 1 ಡಿಬಿ ತಿನ್ನುತ್ತದೆ. ಹತ್ತು ಮೀಟರ್ ಎಳೆದರೆ ಹತ್ತರಲ್ಲಿ ಒಂಬತ್ತು ಪಾಲು ಕೇಬಲ್ಲಿನಲ್ಲೇ ಮಾಯ. ಎಲ್‌ಎಂಆರ್-200 ಅನ್ನುವುದು ನೋಡೋಕೆ ಅಷ್ಟೇ ದಪ್ಪ, ಎರಡೂ 5 ಮಿಲಿಮೀಟರ್ ಹತ್ತಿರ. ಪಕ್ಕಪಕ್ಕ ಇಟ್ಟರೆ ಗುರುತು ಹತ್ತಲ್ಲ. ಆದರೆ ಇದರ ನಷ್ಟ ಮೀಟರ್‌ಗೆ 0.55 ಡಿಬಿ, ಅಂದರೆ ಸರಿಸುಮಾರು ಅರ್ಧ. ಎಲ್‌ಎಂಆರ್-400 ಹೆಬ್ಬೆರಳಿನಷ್ಟಲ್ಲದಿದ್ದರೂ ಕಿರುಬೆರಳಿನಷ್ಟು ದಪ್ಪ, 10 ಮಿಲಿಮೀಟರ್ ಚಿಲ್ಲರೆ. ಅದರ ನಷ್ಟ 0.22 ಡಿಬಿ. ಹತ್ತು ಮೀಟರ್‌ಗೆ ಎರಡೂ ಕಾಲು ಡಿಬಿ ಮಾತ್ರ. ನನ್ನ ಆ ಅಯಸ್ಕಾಂತದ ಆಂಟೆನಾಕ್ಕೆ ಬಂದದ್ದು ಇದೆಲ್ಲಕ್ಕಿಂತ ಕೀಳು ಜಾತಿ, ಆರ್‌ಜಿ-174. ಇಯರ್‌ಫೋನ್ ವಯರಿನಷ್ಟು ಸಪೂರ. 1800 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರ್‌ಗೆ 15 ಡಿಬಿಯ ಆಸುಪಾಸು ಹೋಗುತ್ತದೆ. ಮಾಡಿನ ಮೇಲೆ ಸಿಕ್ಕಿದ ಲಾಭ ಎಲ್ಲಿ ಉಳಿದೀತು!

ತರಂಗದ ಮೆಗಾಹರ್ಟ್ಸ್ ಸಂಖ್ಯೆ ಕಡಿಮೆ ಆದರೆ ಸೋರಿಕೆಯೂ ಕಡಿಮೆ. 850, 900 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58, ಎಲ್‌ಎಂಆರ್-200, ಎಲ್‌ಎಂಆರ್-400ರ ನಷ್ಟ ಮೀಟರ್‌ಗೆ ಸುಮಾರು 0.5, 0.33, 0.13 ಡಿಬಿ. ತಯಾರಕರಿಂದ ತಯಾರಕರಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. 5 ಗಿಗಾಹರ್ಟ್ಸ್ ವೈಫೈಗೆ ಇವೆಲ್ಲ ಇನ್ನೂ ಕೆಟ್ಟದ್ದು, ಅಲ್ಲಿ ಎಲ್‌ಎಂಆರ್-400 ಕೂಡ ಮೀಟರ್‌ಗೆ 0.35 ನುಂಗುತ್ತದೆ.

ಡಿಶ್ ಟಿವಿಯ ಆರ್‌ಜಿ-6 ಕೇಬಲ್ ಮನೆಯಲ್ಲಿ ಸುರುಳಿಗಟ್ಟಲೆ ಬಿದ್ದಿದೆ, ಅದನ್ನೇ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಪುಸ್ತಕ ಓದಿದವರು ಕೂಡದು ಅಂತಾರೆ. ಕೇಬಲ್ ತರಂಗಕ್ಕೆ ಒಡ್ಡುವ ತಡೆಯ ಲೆಕ್ಕದಲ್ಲಿ ಅದು 75 ಓಮ್, ನಮ್ಮದು 50 ಓಮ್, ತಾಳೆ ಆಗಲ್ಲ ಅನ್ನುವುದು ಅವರ ಮಾತು. ನಿಜ ಹೇಳಬೇಕೆಂದರೆ ಆ ತಾಳೆ ತಪ್ಪುವುದರಿಂದ ಹೋಗುವುದು 0.2 ಡಿಬಿಯಷ್ಟೇ. ಒಳ್ಳೆಯ ಆರ್‌ಜಿ-6 ಸೋರಿಕೆಯಲ್ಲಿ ಆರ್‌ಜಿ-58ಕ್ಕಿಂತ ಎಷ್ಟೋ ವಾಸಿ. ತೊಂದರೆ ಬರುವುದು ತುದಿಯಲ್ಲಿ. ಅದರ ಎಫ್ ಕನೆಕ್ಟರ್ ರೂಟರ್‌ಗೆ ಕೂರಲ್ಲ, ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕಬೇಕು, ಮಳೆಗಾಲ ಮುಗಿಯುವ ಹೊತ್ತಿಗೆ ಅದರೊಳಗೆ ಹಸಿರು ಕಿಲುಬು. ಒಂದು ವಾರ ಪ್ರಯೋಗ ಮಾಡಿ ನೋಡೋಕೆ ಅಡ್ಡಿಯಿಲ್ಲ. ಖಾಯಂ ಮಾಡಬೇಡಿ.

ಪೆಟ್ಟಿಗೆ ಎಲ್ಲಿ ಕೂರಬೇಕು

ಈಗ ನಿಜವಾದ ಆಯ್ಕೆಗೆ ಬರೋಣ. ನಾನು ನೋಡಿದ ಹಾಗೆ ದಾರಿ ನಾಲ್ಕಿದೆ.

ಮೊದಲನೆಯದು ರೂಟರ್ ಮನೆಯೊಳಗೆ, ಆಂಟೆನಾ ಅದೇ ಗೋಡೆಯ ಹೊರಗೆ. ಕೇಬಲ್ ಮೂರರಿಂದ ಐದು ಮೀಟರ್. ಸುಲಭ, ಅಗ್ಗ, ಕೈಕೊಡುವ ಜಾಗ ಕಡಿಮೆ. ಮಣ್ಣಿನ ಗೋಡೆ, ಕಲ್ಲಿನ ಗೋಡೆ, ತಗಡಿನ ಶೀಟು ಇರುವ ಮನೆಗಳಲ್ಲಿ ಒಳಗೂ ಹೊರಗೂ 15–20 ಡಿಬಿ ವ್ಯತ್ಯಾಸ ಇರಬಹುದು. ಅಂಥ ಕಡೆ ಗೋಡೆ ದಾಟಿದರೇ ಕೆಲಸ ಆಯಿತು, ಕಂಬ ಎಬ್ಬಿಸುವ ರಗಳೆ ಬೇಡ. ಅಂಗಳದಲ್ಲಿ ನಿಂತರೆ ಫೋನಿಗೆ ಸಿಗ್ನಲ್ ಬರುತ್ತದೆ, ಒಳಗೆ ಬಂದರೆ ಹೋಗುತ್ತದೆ ಅನ್ನುವವರಿಗೆ ಇದೇ ಸಾಕು.

ಎರಡನೆಯದು ರೂಟರ್ ಒಳಗೆ, ಆಂಟೆನಾ ಮಾಡಿನ ಮೇಲೆ ಎತ್ತರದ ಜಿಐ ಪೈಪಿನಲ್ಲಿ. ಕೇಬಲ್ ಹತ್ತು, ಹದಿನೈದು, ಇಪ್ಪತ್ತು ಮೀಟರ್. ಹೆಚ್ಚಿನವರು ಮಾಡುವುದು ಇದನ್ನೇ, ಯಾಕೆಂದರೆ ದೂರದರ್ಶನದ ಕಾಲದಿಂದ ನಮಗೆ ಅಭ್ಯಾಸ. ಒಬ್ಬರು ಮಾಡಿನ ಮೇಲೆ ಪೈಪು ತಿರುಗಿಸುವುದು, ಇನ್ನೊಬ್ಬರು ಜಗುಲಿಯಿಂದ "ಬಂತು, ಬಂತು, ಅಯ್ಯೋ ಹೋಯ್ತು" ಅಂತ ಕೂಗುವುದು. ಟಿವಿಗೆ ಅದು ನಡೆಯಿತು. ಅಲ್ಲಿ ಬರೀ ಕೇಳಿಸಿಕೊಂಡರೆ ಸಾಕಿತ್ತು, ಟವರಿಗೆ ತಿರುಗಿ ಮಾತಾಡುವ ಪ್ರಶ್ನೆಯೇ ಇರಲಿಲ್ಲ. ರೂಟರ್ ಹಾಗಲ್ಲ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕಿರುಚುತ್ತದೆ, ನಮ್ಮ 4ಜಿ ಪೆಟ್ಟಿಗೆ ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ ಪಿಸುಗುಡುತ್ತದೆ. ಆ ಪಿಸುಮಾತಿನ ಅರ್ಧ ಕೇಬಲ್ಲಿನಲ್ಲೇ ಹೋದರೆ ವೀಡಿಯೊ ನೋಡೋಕೆ ಬರುತ್ತದೆ, ವಾಟ್ಸ್‌ಆಪ್‌ನಲ್ಲಿ ಒಂದು ಫೋಟೊ ಕಳಿಸೋಕೆ ಆಗಲ್ಲ. ಈ ದಾರಿ ಹಿಡಿಯಲೇಬೇಕಾದರೆ ಎಲ್‌ಎಂಆರ್-400ಕ್ಕಿಂತ ಕಡಿಮೆ ಹಾಕಬೇಡಿ. ಎರಡು ಎಳೆ ಬೇಕು ಅನ್ನುವುದೂ ನೆನಪಿರಲಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇಪ್ಪತ್ತು ಮೀಟರ್ ಇದ್ದರೆ ನಲವತ್ತು ಮೀಟರ್ ಕೇಬಲ್‌ನ ದುಡ್ಡು ಕೊಡಬೇಕು. ಅಲ್ಲಿಗೆ ಲೆಕ್ಕ ಹಳ್ಳ ಹಿಡಿಯುತ್ತದೆ.

ಮೂರನೆಯದು ನನಗೆ ಇಷ್ಟದ್ದು. ಕೇಬಲ್ ಉದ್ದ ಮಾಡುವ ಬದಲು ಪೆಟ್ಟಿಗೆಯನ್ನೇ ಮೇಲಕ್ಕೆ ಹತ್ತಿಸುವುದು. ಮಳೆ ತಡೆಯುವ ಹೊರಾಂಗಣದ 4ಜಿ ರೂಟರ್ ಸಿಗುತ್ತದೆ. ಅದರೊಳಗೇ ಆಂಟೆನಾ ಇರುತ್ತದೆ, ಇಲ್ಲವೇ ಒಂದಡಿ ಕೇಬಲ್‌ನಲ್ಲಿ ಪಕ್ಕದ ಆಂಟೆನಾಕ್ಕೆ ಸೇರಿಸಬಹುದು. ಕೆಳಗೆ ಬರುವುದು ಲ್ಯಾನ್ ಕೇಬಲ್ ಒಂದೇ. ಅದರಲ್ಲಿ ಡೇಟಾ ಕೆಳಗೆ, ಕರೆಂಟ್ ಮೇಲೆ. ಪಿಒಇ ಅನ್ನುವುದು ಇದಕ್ಕೇ. ಲ್ಯಾನ್ ಕೇಬಲ್ ನೂರು ಮೀಟರ್‌ವರೆಗೆ ಇದ್ದರೂ ಆಂಟೆನಾ ಕೇಬಲ್ ಥರ ವೇಗ ಸೋರಿಹೋಗಲ್ಲ. ಏರ್‌ಫೈಬರ್ (ಟವರಿನಿಂದ ತಂತಿಯಿಲ್ಲದೆ ಬರುವ ಮನೆ ಇಂಟರ್ನೆಟ್) ಹಾಕಿಸಿದವರ ತಾರಸಿಯ ಮೇಲೆ ಒಂದು ಬಿಳಿ ಪೆಟ್ಟಿಗೆ ಕೂರಿಸಿ ಹೋಗುತ್ತಾರಲ್ಲ, ಅದೂ ಇದೇ ಯುಕ್ತಿ. ಕಂಪನಿಯವರೇ ಉದ್ದ ಆಂಟೆನಾ ಕೇಬಲ್ ಎಳೆಯುವ ಗೋಜಿಗೆ ಹೋಗಲ್ಲ ಅಂದಮೇಲೆ ನಾವ್ಯಾಕೆ ಹೋಗಬೇಕು?

ಇದರಲ್ಲೂ ಕೊರತೆ ಇದೆ. ಪೆಟ್ಟಿಗೆ ಮೇಲೆ ಬಿಸಿಲಿಗೆ ಕಾಯುತ್ತದೆ, ಕೆಟ್ಟರೆ ಮಾಡು ಹತ್ತಬೇಕು, ಸಿಡಿಲಿಗೆ ಪೂರ್ತಿ ಪೆಟ್ಟಿಗೆಯೇ ಹೋಗುತ್ತದೆ. ಲ್ಯಾನ್ ಕೇಬಲ್ ತರುವಾಗ ಒಳಗಿನ ತಂತಿ ಪೂರ್ತಿ ತಾಮ್ರವೇ ಅಂತ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು ಬಹಳ ಇದೆ. ಚಾಕುವಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದರಲ್ಲಿ ನಲವತ್ತು ಮೀಟರ್ ದೂರ ಕರೆಂಟ್ ಕಳಿಸಿದರೆ ಮೇಲೆ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಬಿದ್ದು ರೂಟರ್ ಸುಮ್ನೆ ಆಫ್ ಆಗಿ ಆನ್ ಆಗ್ತಾ ಕೂರುತ್ತದೆ. ಪಿಒಇಯಲ್ಲೂ ಎರಡು ಪಂಗಡ. 48 ವೋಲ್ಟ್‌ನ ಸ್ಟ್ಯಾಂಡರ್ಡ್ ಪಿಒಇ ಎದುರಿನ ಪೆಟ್ಟಿಗೆಗೆ ಕರೆಂಟ್ ಬೇಕಾ ಅಂತ ಮೊದಲು ಕೇಳಿ, ಆಮೇಲೆ ಕೊಡುತ್ತದೆ. 24 ವೋಲ್ಟ್‌ನ ಪ್ಯಾಸಿವ್ ಕೇಳದೇ ಕೊಡುತ್ತದೆ. ಪ್ಯಾಸಿವ್ ಅಡಾಪ್ಟರಿನ ಕರೆಂಟ್ ಇರುವ ತೂತಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಪೋರ್ಟ್ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ನಾಲ್ಕನೆಯದು ಅಪ್ಪಟ ಮಲೆನಾಡಿನ ದಾರಿ. ಮನೆ ಮಾಡಿನ ಮೇಲೆ ಎಷ್ಟು ಎತ್ತರ ಹೋದರೂ ಸಿಗ್ನಲ್ ಇಲ್ಲ, ಆದರೆ ಮುನ್ನೂರು ಮೀಟರ್ ಆಚೆ ಬ್ಯಾಣದ (ಹುಲ್ಲುಗಾವಲಿನ) ದಿಬ್ಬದ ಮೇಲೆ ಚೆನ್ನಾಗಿದೆ. ಅಲ್ಲೊಂದು ಕಂಬ ನೆಟ್ಟು, 4ಜಿ ರೂಟರ್ ಇಟ್ಟು, ಅಲ್ಲಿಂದ ಮನೆಗೆ 5 ಗಿಗಾಹರ್ಟ್ಸ್‌ನ ಎರಡು ವೈಫೈ ಪೆಟ್ಟಿಗೆಗಳನ್ನು ಮುಖಾಮುಖಿ ನಿಲ್ಲಿಸುವುದು. ಮೇಲೆ ಒಂದು ಸೋಲಾರ್ ಪ್ಯಾನೆಲ್ಲು, 12 ವೋಲ್ಟ್ ಬ್ಯಾಟರಿ. ಖರ್ಚು ಜಾಸ್ತಿ, ಮಳೆಗಾಲದ ಮೋಡದಲ್ಲಿ ಬ್ಯಾಟರಿ ಕೈಕೊಡುತ್ತದೆ. ಆಷಾಢದಲ್ಲಿ ಮೂರು ದಿನ ಸೂರ್ಯ ಕಾಣದಿದ್ದರೂ ನಡೆಯುವಷ್ಟು ದೊಡ್ಡ ಬ್ಯಾಟರಿ ಹಾಕಬೇಕು. ರೂಟರ್, ವೈಫೈ ಪೆಟ್ಟಿಗೆ ಸೇರಿ 12 ವ್ಯಾಟ್ ಅಂದುಕೊಂಡರೆ ದಿನಕ್ಕೆ 288 ವ್ಯಾಟ್-ಅವರ್ ಆಯಿತು, ಮೂರು ದಿನಕ್ಕೆ 864. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ಬರಿದು ಮಾಡಿದರೆ ಸಿಗುವುದು 1200, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಹೋಗುತ್ತದೆ. ಹಾಗಾಗಿ ಒಂದು ಬ್ಯಾಟರಿಯಲ್ಲಿ ಮುಗಿಯಲ್ಲ. ಕಂಬದ ಹತ್ತಿರ ಪಂಪ್‌ಸೆಟ್ ಮನೆಯ ಕರೆಂಟ್ ಸಿಗುವ ಹಾಗಿದ್ದರೆ ಪುಣ್ಯ. ಜೊತೆಗೆ ದಿಬ್ಬದ ಜಾಗ ಯಾರದ್ದು ಅಂತ ಮೊದಲೇ ನೋಡಿಕೊಳ್ಳಿ, ಅರಣ್ಯ ಇಲಾಖೆಯ ಗಡಿ ಕಲ್ಲು ಎಲ್ಲಿ ಅಂತ ನಿಮಗೇ ಗೊತ್ತಿರುತ್ತದಲ್ವಾ.

ದೋಟಿಯ ತುದಿಗೆ ಫೋನು

ನಾಲ್ಕರಲ್ಲಿ ನಿಮ್ಮದು ಯಾವುದು ಅಂತ ತಿಳಿಯೋಕೆ ಒಂದು ರೂಪಾಯಿ ಖರ್ಚಿಲ್ಲ. ಫೋನಿನಲ್ಲಿ ಸಿಗ್ನಲ್ ಅಳೆಯುವ ಆಪ್ ಹಾಕಿಕೊಳ್ಳಿ, ದಾಖಲು ಮಾಡಿಕೊಳ್ಳುವಂಥದ್ದು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಉದ್ದದ ಗಳದ ತುದಿಗೆ ಕಟ್ಟಿ, ಮಾಡಿನ ಎತ್ತರಕ್ಕೆ, ಅದಕ್ಕೂ ಮೇಲೆ ಎತ್ತಿ ಹಿಡಿಯಿರಿ. ಕೆಳಗಿಳಿಸಿ ನೋಡಿದರೆ ಯಾವ ಎತ್ತರದಲ್ಲಿ ಎಷ್ಟು ಅಂತ ಗೊತ್ತಾಗುತ್ತದೆ. ಅಡಿಕೆ ಕೊಯ್ಯುವ ದೋಟಿಯನ್ನೇ ಬಳಸಿದವರಿದ್ದಾರೆ. ಒಂದು ಎಚ್ಚರ. ಕಾರ್ಬನ್ ಫೈಬರ್ ದೋಟಿ ಕರೆಂಟ್ ಹರಿಸುತ್ತದೆ, ವಿದ್ಯುತ್ ಲೈನಿನ ಹತ್ತಿರ ಎತ್ತಲೇಬೇಡಿ. ಇದಕ್ಕೆ ಒಣ ಬಿದಿರೇ ಒಳ್ಳೆಯದು.

ಆಪ್‌ನಲ್ಲಿ ಕಡ್ಡಿ ಎಣಿಸಬೇಡಿ. ಆರ್‌ಎಸ್‌ಆರ್‌ಪಿ ಅಂತ ಒಂದು ಮೈನಸ್ ಸಂಖ್ಯೆ ಇರುತ್ತದೆ. ಮೈನಸ್ 85ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 100 ಇದ್ದರೆ ನಡೆಯುತ್ತದೆ. ಮೈನಸ್ 110 ದಾಟಿದರೆ ಕಷ್ಟ. ಮೈನಸ್ 120 ಅಂದರೆ ಕೈಬಿಡಿ. ಇದರ ಜೊತೆಗೆ ಎಸ್‌ಐಎನ್‌ಆರ್ ಅಂತ ಇನ್ನೊಂದು ಇರುತ್ತದೆ, ಗದ್ದಲದ ನಡುವೆ ಮಾತು ಎಷ್ಟು ಸ್ಪಷ್ಟ ಅನ್ನುವ ಲೆಕ್ಕ. 13ರ ಮೇಲೆ ಇದ್ದರೆ ಒಳ್ಳೆಯದು, ಸೊನ್ನೆಗಿಂತ ಕೆಳಗಿದ್ದರೆ ಸಿಗ್ನಲ್ ಎಷ್ಟು ಜೋರಿದ್ದರೂ ಉಪಯೋಗ ಇಲ್ಲ. ಗುಡ್ಡದ ನೆತ್ತಿಯಲ್ಲಿ ಇದೇ ಆಗುವುದು. ನಾಲ್ಕು ದಿಕ್ಕಿನ ನಾಲ್ಕು ಟವರೂ ಕಾಣುತ್ತವೆ, ಸಂತೆ ಗದ್ದಲ. ಅಂಥ ಕಡೆ ಒಂದೇ ದಿಕ್ಕಿಗೆ ಕಿವಿ ಕೊಡುವ ಆಂಟೆನಾ ಬೇಕು.

ವಡೆ, ದೋಸೆ, ಟಾರ್ಚು

ಈಗ ಆಂಟೆನಾದ ಆಕಾರ. ಆಂಟೆನಾ ಶಕ್ತಿ ಹುಟ್ಟಿಸಲ್ಲ, ಇರುವುದನ್ನು ಒಂದು ಕಡೆಗೆ ಒತ್ತುತ್ತದೆ ಅಷ್ಟೇ. ಡಿಬಿಐ ಅನ್ನುವುದು ಎಷ್ಟು ಒತ್ತಿದೆ ಅನ್ನುವ ಅಳತೆ.

ಸುತ್ತಲೂ ಹರಡುವ ಕಡ್ಡಿ ಆಂಟೆನಾ ತೆಗೆದುಕೊಳ್ಳಿ. ರೂಟರ್ ಜೊತೆ ಬರುವ 2–5 ಡಿಬಿಐ ಕಡ್ಡಿಯ ಸಿಗ್ನಲ್ ಉದ್ದಿನ ವಡೆ ಥರ, ಸುತ್ತಲೂ ಇದೆ, ದಪ್ಪನೂ ಇದೆ. 10–12 ಡಿಬಿಐನ ಉದ್ದ ಕಂಬದ ಥರದ್ದು ತಂದರೆ ಆ ವಡೆಯನ್ನು ಒತ್ತಿ ದೋಸೆ ಮಾಡಿದ ಹಾಗೆ. ದೂರ ಹೋಗುತ್ತದೆ, ಆದರೆ ತೆಳ್ಳಗೆ. ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮಲ್ಲಿ ಮನೆ ದರೆಯ ಮೇಲೆ, ತೋಟ ನಲವತ್ತು ಅಡಿ ಕೆಳಗೆ. ದೋಸೆ ತೋಟದ ನೆತ್ತಿಯ ಮೇಲೆ ಹಾರಿ ಎದುರು ಗುಡ್ಡಕ್ಕೆ ಬಡಿಯುತ್ತದೆ, ಕೆಳಗೆ ಪಂಪ್‌ಹೌಸಿನಲ್ಲಿ ನಿಂತವನಿಗೆ ಏನೂ ಇಲ್ಲ. ತೋಟಕ್ಕೆ ವೈಫೈ ಬೇಕು ಅನ್ನುವವರು ಜಾಸ್ತಿ ಡಿಬಿಐ ಕಡ್ಡಿ ತಂದು ಮೊದಲಿಗಿಂತ ಕೆಟ್ಟಿತು ಅನ್ನುವುದು ಇದರಿಂದಲೇ.

ಪ್ಯಾನೆಲ್ ಆಂಟೆನಾ ಚಪ್ಪಟೆ ಹಲಗೆ, 10–14 ಡಿಬಿಐ. ಟಾರ್ಚಿನ ಅಗಲ ಬೆಳಕಿನಂತೆ ಒಂದು ಕಡೆಗೆ ಬೀಳುತ್ತದೆ. ಸ್ವಲ್ಪ ದಿಕ್ಕು ತಪ್ಪಿದರೂ ನಡೆಯುತ್ತದೆ. ಯಾಗಿ ಅಂದರೆ ಹಳೇ ಟಿವಿ ಆಂಟೆನಾ ಥರ ಮೀನಿನ ಮುಳ್ಳು. ಜಪಾನಿನಲ್ಲಿ 1926ರಲ್ಲಿ ಉಡಾ ಮತ್ತು ಯಾಗಿ ಸೇರಿ ಕೊಟ್ಟ ವಿನ್ಯಾಸ. ಹೆಚ್ಚು ದುಡಿದದ್ದು ಉಡಾ, ಹೆಸರು ಉಳಿದದ್ದು ಯಾಗಿಯದ್ದು, ಎಲ್ಲ ಕಡೆ ಇದೇ ಕತೆ. ಇದು ಒಂದೇ ಬ್ಯಾಂಡಿಗೆ, ಅಂದರೆ ಒಂದೇ ತರಂಗಪಟ್ಟಿಗೆ ಒಳ್ಳೆಯದು, ಬ್ಯಾಂಡ್ ಬದಲಾದರೆ ದಂಡ. ನೋಡೋಕೆ ಅದರಂತೆಯೇ ಇದ್ದು, ಮುಳ್ಳುಗಳು ಹಿಂದಿನಿಂದ ಮುಂದಕ್ಕೆ ಒಂದೇ ಸಮ ಚಿಕ್ಕದಾಗುತ್ತಾ ಬಂದರೆ ಅದು ಲಾಗ್ ಪೀರಿಯಾಡಿಕ್. 9–11 ಡಿಬಿಐ ಅಷ್ಟೇ, ಆದರೆ 700ರಿಂದ 2700 ಮೆಗಾಹರ್ಟ್ಸ್‌ವರೆಗೆ ಎಲ್ಲಕ್ಕೂ ಆಗುತ್ತದೆ. 4ಜಿಗೆ ನನ್ನ ಮತ ಇದಕ್ಕೆ. ಜಾಲರಿ ಡಿಶ್ 24 ಡಿಬಿಐವರೆಗೆ ಕೊಡುತ್ತದೆ, ಆದರೆ ಒಂದು ಮೀಟರ್ ಹತ್ತಿರ ಅಗಲ, ಗುರಿ ಹಿಡಿಯುವುದು ಸೂಜಿಗೆ ದಾರ ಪೋಣಿಸಿದಂತೆ.

ಈ ಡಿಶ್‌ನ ಅಳತೆ ನೆನಪಿಟ್ಟುಕೊಳ್ಳಿ. ಮೀಟರ್ ಅಗಲದ ಡಿಶ್ಶೇ 24 ಕೊಡುವಾಗ ಗೇಣುದ್ದದ ಕಡ್ಡಿ 35 ಹೇಗೆ ಕೊಟ್ಟೀತು? ಪೆಟ್ಟಿಗೆಯ ಮೇಲಿನ ಸಂಖ್ಯೆ ಸುಳ್ಳು ಅಂತ ಗೊತ್ತಾಗೋಕೆ ಇಷ್ಟು ಸಾಕು. ಇದನ್ನು ಮೊದಲೇ ಯೋಚಿಸಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಎರಡು ಎಳೆ ಯಾಕೆ ಅಂದೆನಲ್ಲ. 4ಜಿ ಟವರ್ ಒಂದೇ ಹೊತ್ತಿಗೆ ಎರಡು ದಾರಿಯಲ್ಲಿ ಡೇಟಾ ಕಳಿಸುತ್ತದೆ, ರೂಟರಿನ ಹಿಂದೆ ಎರಡು ತೂತು ಇರುವುದು ಅದಕ್ಕೆ. ಒಂದಕ್ಕೆ ಮಾತ್ರ ಆಂಟೆನಾ ಸಿಕ್ಕಿಸಿ ಇನ್ನೊಂದನ್ನು ಖಾಲಿ ಬಿಟ್ಟರೆ, ಸಿಗ್ನಲ್ ಚೆನ್ನಾಗಿರುವ ಕಡೆ ವೇಗ ಅರ್ಧದ ಹತ್ತಿರ ಇಳಿಯುತ್ತದೆ. ಹಾಗಾಗಿ ಎರಡು ಕೇಬಲ್ ಬರುವ ಒಂದು ಪ್ಯಾನೆಲ್ ತನ್ನಿ, ಇಲ್ಲವೇ ಎರಡು ಲಾಗ್ ಪೀರಿಯಾಡಿಕ್ ತನ್ನಿ. ಎರಡು ಬೇರೆ ಬೇರೆ ತಂದರೆ ಒಂದನ್ನು ಬಲಕ್ಕೆ 45 ಡಿಗ್ರಿ, ಇನ್ನೊಂದನ್ನು ಎಡಕ್ಕೆ 45 ಡಿಗ್ರಿ ಓರೆ ಮಾಡಿ ನಿಲ್ಲಿಸಿ, ಎದುರಿನಿಂದ ನೋಡಿದರೆ ಗುಣಿಸುವ ಚಿಹ್ನೆ ಕಾಣಬೇಕು. ಟವರಿನ ಆಂಟೆನಾಗಳೂ ಸಾಮಾನ್ಯವಾಗಿ ಹಾಗೇ ಓರೆಯಾಗಿರುತ್ತವೆ. ಎರಡರ ನಡುವೆ ಒಂದೂವರೆ ಅಡಿ ಜಾಗ ಬಿಡಿ. ಎರಡೂ ಕೇಬಲ್ ಒಂದೇ ಉದ್ದ, ಒಂದೇ ಜಾತಿ ಇರಲಿ.

ಬ್ಯಾಂಡ್ ನೋಡದೆ ಕೊಳ್ಳಬೇಡಿ. ಜಿಯೋ 4ಜಿ 850, 1800, 2300 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಏರ್‌ಟೆಲ್ 900, 1800, 2100, 2300. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಅಂತ ಶುರುವಾಯಿತಲ್ಲ, ಅದು 700 ಮತ್ತು 2100. ಕಾಡಿನ ನಡುವೆ, ಗುಡ್ಡದ ಮರೆಯಲ್ಲಿ 700 ಮೆಗಾಹರ್ಟ್ಸ್ ಉಳಿದವುಗಳಿಗಿಂತ ಚೆನ್ನಾಗಿ ನುಗ್ಗುತ್ತದೆ. ಆದರೆ ಮಾರುಕಟ್ಟೆಯ ಎಷ್ಟೋ ಪ್ಯಾನೆಲ್‌ಗಳು 800ರಿಂದ ಶುರುವಾಗುತ್ತವೆ, ಕೆಲವು 1700ರಿಂದ. ಲೇಬಲ್ ಮೇಲೆ 698–2700 ಅಂತ ಇದೆಯಾ ನೋಡಿ. ರೂಟರ್ ಕೂಡ ಬ್ಯಾಂಡ್ 28, ಅಂದರೆ ಈ 700 ಮೆಗಾಹರ್ಟ್ಸನ್ನು ಹಿಡಿಯಬೇಕು, ಹಳೆಯವು ಬಹಳಷ್ಟು ಹಿಡಿಯಲ್ಲ. ವೈಫೈಗೆ ಅಂತ ಮಾಡಿದ 2.4ರ ಡಿಶ್ಶನ್ನು 850ರ ಟವರಿಗೆ ತಿರುಗಿಸಿ ಕೂತರೆ ಪ್ರಯೋಜನ ಇಲ್ಲ.

ತಿರುಪು ಕೂತ ಮಾತ್ರಕ್ಕೆ ಮುಟ್ಟಿತು ಅಂತಲ್ಲ

ಕನೆಕ್ಟರ್ ವಿಷಯದಲ್ಲಿ ಸೋಲದವರಿಲ್ಲ. 4ಜಿ ರೂಟರಿನ ಆಂಟೆನಾ ತೂತು ಸಾಮಾನ್ಯವಾಗಿ ಎಸ್‌ಎಂಎ. ವೈಫೈ ರೂಟರಿನದ್ದು ಆರ್‌ಪಿ-ಎಸ್‌ಎಂಎ. ಹೊರಗಿನಿಂದ ನೋಡಿದರೆ ಅವಳಿಜವಳಿ. ತಿರುಪಿನ ಸುತ್ತು ಒಂದೇ, ಗಾತ್ರ ಒಂದೇ, ನಡುವಿನ ಸೂಜಿ ಮಾತ್ರ ಅದಲುಬದಲು. ಮನೆಯವರು ಸುಮ್ಮನೆ ದೊಡ್ಡ ಆಂಟೆನಾ ಹಾಕದಿರಲಿ ಅಂತ ಅಮೆರಿಕದ ನಿಯಮ ಬೇರೆ ಥರದ ಕನೆಕ್ಟರ್ ಕೇಳಿತು, ಅದರ ಫಲ ಈ ಉಲ್ಟಾ ಜಾತಿ. ಈಗ ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ತೊಂದರೆ ಮಾತ್ರ ನಮಗೆ ಉಳಿಯಿತು. ತಪ್ಪು ಜೋಡಿಯಲ್ಲಿ ಎರಡು ಕಡೆಯೂ ತೂತೇ ಬಂದರೆ ತಿರುಪು ಗಟ್ಟಿಯಾಗಿ ಕೂರುತ್ತದೆ, ಒಳಗೆ ಏನೂ ಮುಟ್ಟಿರಲ್ಲ. ಎರಡು ಕಡೆಯೂ ಸೂಜಿ ಬಂದರೆ ಸೂಜಿ ಬಾಗಿ ರೂಟರೇ ಹಾಳು. ಸಿಕ್ಕಿಸುವ ಮುಂಚೆ ಎರಡೂ ತುದಿಗೆ ಟಾರ್ಚು ಬಿಟ್ಟು ನೋಡಿ, ಒಂದರಲ್ಲಿ ಸೂಜಿ, ಇನ್ನೊಂದರಲ್ಲಿ ತೂತು ಇರಬೇಕು.

ಜೇಬಿನಲ್ಲಿಡುವ ಹಾಟ್‌ಸ್ಪಾಟ್, ಡಾಂಗಲ್‌ಗಳಲ್ಲಿ ಟಿಎಸ್9 ಅಥವಾ ಸಿಆರ್‌ಸಿ9 ಅನ್ನುವ ಸಣ್ಣ ಒತ್ತುಗುಂಡಿಯಂಥದ್ದು ಇರುತ್ತದೆ. ಅದಕ್ಕೆ ದಪ್ಪ ಕೇಬಲ್ ನೇತುಹಾಕಿದರೆ ಎರಡೇ ದಿನ. ಎಲ್‌ಎಂಆರ್-400 ಗಡುಸು, ಅದನ್ನು ಯಾವ ರೂಟರಿಗೂ ನೇರ ಕೊಡಬೇಡಿ. ಕೊನೆಯಲ್ಲಿ ಒಂದಡಿ ಮೆತ್ತಗಿನ ಸಪೂರ ಕೇಬಲ್ ಸೇರಿಸಿ. ಹೊರಗಡೆಗೆ ಎನ್ ಟೈಪ್ ಕನೆಕ್ಟರ್ ಇರುವ ಆಂಟೆನಾವೇ ಒಳ್ಳೆಯದು, ದಪ್ಪ, ಗಟ್ಟಿ, ಮಳೆಗೆ ಅಷ್ಟು ಸುಲಭಕ್ಕೆ ಜಗ್ಗಲ್ಲ. ರೂಟರಿನ ಮೇಲೆ ತೂತೇ ಇಲ್ಲದಿದ್ದರೆ ಒಳಗೆ ಬಿಚ್ಚಿ ಬೋರ್ಡಿಗೆ ಸಿಕ್ಕಿಸುವವರೂ ಇದ್ದಾರೆ. ಆ ಸಾಸಿವೆ ಗಾತ್ರದ ಯು.ಎಫ್‌ಎಲ್ ಕನೆಕ್ಟರ್‌ಗೆ ತಯಾರಕರು ಕೊಡುವ ಭರವಸೆ 30 ಸಲ ಹಾಕಿ ತೆಗೆಯುವುದಕ್ಕೆ ಮಾತ್ರ.

ಎಲ್ಲ ಸಿಕ್ಕಿಸಿದ ಮೇಲೂ ಬದಲಾವಣೆ ಕಾಣದಿದ್ದರೆ ರೂಟರಿನ ಸೆಟ್ಟಿಂಗ್ ಪುಟ ತೆರೆಯಿರಿ. ಕೆಲವು ಮಾದರಿಗಳಲ್ಲಿ ಒಳಗಿನ ಆಂಟೆನಾವೋ ಹೊರಗಿನದ್ದೋ ಅಂತ ನಾವೇ ಆರಿಸಬೇಕು. ನಾನು ಒಂದು ಮಧ್ಯಾಹ್ನ ಪೂರ್ತಿ ಪೈಪು ತಿರುಗಿಸಿ, ಸಂಜೆ ಆ ಪುಟ ನೋಡಿ ತಲೆ ಚಚ್ಚಿಕೊಂಡಿದ್ದೇನೆ.

ಮನೆಯಿಂದ ತೋಟಕ್ಕೆ ವೈಫೈ ಕಳಿಸುವವರಿಗೆ ಎರಡು ಮಾತು. ಮೊದಲನೆಯದು, ಆಂಟೆನಾ ಬಿಚ್ಚಬಹುದಾದ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ), ಅದಕ್ಕೆ ದೊಡ್ಡ ಆಂಟೆನಾ, ನಡುವೆ ಕೇಬಲ್ ಅಂತ ಮೂರು ಸಾಮಾನು ತರುವುದಕ್ಕಿಂತ, ಆಂಟೆನಾ ಒಳಗೇ ಇರುವ ಹೊರಾಂಗಣ ಪೆಟ್ಟಿಗೆಯ ಜೋಡಿ ತರುವುದು ಈಗ ಅಗ್ಗ, ಸುಲಭ. ಕೊಟ್ಟಿಗೆ, ಪಂಪ್‌ಹೌಸ್, ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾಕ್ಕೆ ಇದೇ ಸಾಕು. ಆದರೆ ಎದುರು ಪೆಟ್ಟಿಗೆ ಕಣ್ಣಿಗೆ ಕಂಡರೆ ಸಾಲದು. ಅರ್ಧ ಕಿಲೋಮೀಟರ್ ದೂರಕ್ಕೆ 5.8 ಗಿಗಾಹರ್ಟ್ಸ್ ತರಂಗ ನಟ್ಟನಡುವೆ ಎಲ್ಲ ಕಡೆಗೂ ಎರಡೂವರೆ ಮೀಟರ್ ಉಬ್ಬುತ್ತದೆ, ಅದರಲ್ಲಿ ಒಂದೂವರೆ ಮೀಟರ್ ಆದರೂ ಖಾಲಿ ಇರಬೇಕು. ಅಡಿಕೆ ಸೋಗೆ ಒದ್ದೆಯಾದರೆ ಅದನ್ನು ದಾಟುವುದು ಇನ್ನೂ ಕಷ್ಟ. ಬೇಸಿಗೆಯಲ್ಲಿ ನಿಲ್ಲಿಸಿ ಸರಿಯಾಯ್ತು ಅಂದವರ ಲಿಂಕು ಜೂನ್‌ನಲ್ಲಿ ಸಾಯುವುದು ಹೀಗೆ. ಸಸಿ ತೋಟದ ಮೇಲಿಂದ ಹಾಯಿಸಿದರೆ ಕೆಲವು ವರ್ಷಕ್ಕೆ ಮರ ಅಡ್ಡ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಡಿಕೆ ಮರಕ್ಕೇ ಪೆಟ್ಟಿಗೆ ಕಟ್ಟುವ ಆಸೆ ಬೇಡ, ಗಾಳಿಗೆ ತೂಗಿದಾಗ ಗುರಿ ಎಲ್ಲೆಲ್ಲಿಗೋ ಹೋಗುತ್ತದೆ.

ಎರಡನೇ ಮಾತು ಕಾನೂನಿನದ್ದು. 2.4 ಗಿಗಾಹರ್ಟ್ಸ್ ವೈಫೈಗೆ ಪರವಾನಗಿ ಬೇಡ, ಆದರೆ ಆಂಟೆನಾದ ಲಾಭವೂ ಸೇರಿ 4 ವ್ಯಾಟ್ ಮೀರುವಂತಿಲ್ಲ, ಅಂದರೆ 36 ಡಿಬಿಎಂ (ಶಕ್ತಿಯನ್ನು ಡಿಬಿ ಲೆಕ್ಕದಲ್ಲಿ ಹೇಳುವ ಅಳತೆ). ಲೆಕ್ಕ ಸುಲಭ. ಪೆಟ್ಟಿಗೆ 20 ಡಿಬಿಎಂ ಕೊಡುತ್ತದೆ, ಆಂಟೆನಾ 12 ಸೇರಿಸುತ್ತದೆ, ಕೇಬಲ್ 2 ತಿನ್ನುತ್ತದೆ, ಉಳಿದದ್ದು 30. ಒಳಗೇ ಇದ್ದೇವೆ. ಅದೇ ಪೆಟ್ಟಿಗೆಗೆ 24ರ ಡಿಶ್ ಹಾಕಿದರೆ 42 ಆಯಿತು, ತಪ್ಪಾಯಿತು, ಪೆಟ್ಟಿಗೆಯ ಶಕ್ತಿ ಇಳಿಸಬೇಕು. ಸೆಟ್ಟಿಂಗ್‌ನಲ್ಲಿ ದೇಶ ಇಂಡಿಯಾ ಅಂತಲೇ ಇರಲಿ. 5 ಗಿಗಾಹರ್ಟ್ಸ್ ಹೊರಾಂಗಣದಲ್ಲಿ ಬಳಸೋಕೆ 2018ರಲ್ಲಿ ದಾರಿ ಸಲೀಸಾಯಿತು.

ಮೊಬೈಲ್ ಸಿಗ್ನಲ್ ಬೂಸ್ಟರ್ ಅಂತ ಮಾರುತ್ತಾರಲ್ಲ, ಅದು ಬೇರೆಯೇ ವಸ್ತು. ನಾವು ಮಾತಾಡುತ್ತಿರುವುದು ರೂಟರಿಗೆ ಸೇರಿಸುವ ಆಂಟೆನಾ, ಅದರಲ್ಲಿ ತಪ್ಪೇನಿಲ್ಲ. ಬೂಸ್ಟರ್ ಟವರಿನ ತರಂಗವನ್ನೇ ಹಿಗ್ಗಿಸಿ ಮತ್ತೆ ಬಿಡುತ್ತದೆ, ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ನಮ್ಮ ದೇಶದಲ್ಲಿ ಅಪರಾಧ. ನಿಮ್ಮ ಮನೆಯಲ್ಲಿ ಕಡ್ಡಿ ಏರುತ್ತದೆ, ಟವರಿಗೆ ಗದ್ದಲ ತುಂಬಿ ಇಡೀ ಊರಿಗೆ ಕರೆ ಸಿಗದಂತಾಗುತ್ತದೆ. ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ.

ಮಳೆ, ಸಿಡಿಲು, ಮಂಗ

ಕೇಬಲ್ ಗೋಡೆಯೊಳಗೆ ಹೋಗುವ ಜಾಗದಲ್ಲಿ ಕೆಳಕ್ಕೆ ಒಂದು ಜೋಕಾಲಿ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಕನೆಕ್ಟರಿಗೆ ಕರೆಂಟಿನವರ ಪಿವಿಸಿ ಟೇಪು ಒಂದೇ ಸುತ್ತಿದರೆ ಒಂದು ಮಳೆಗಾಲ ಬರಲ್ಲ. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಸಿಗುತ್ತದೆ, ಅದನ್ನು ಒಳಗೆ ಸುತ್ತಿ, ಮೇಲೆ ಪಿವಿಸಿ ಟೇಪು ಸುತ್ತಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ಬಳಿಯಬೇಡಿ, ಅದರ ಆಮ್ಲ ತಾಮ್ರವನ್ನೇ ತಿನ್ನುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ನಮಗೆ ಹೊಸತಲ್ಲ. ಕಂಬಕ್ಕೆ ದಪ್ಪ ತಾಮ್ರದ ತಂತಿಯಲ್ಲಿ ಅರ್ತಿಂಗ್ ಕೊಡಿ, ಕೇಬಲ್‌ನಲ್ಲಿ ಸಿಡಿಲು ತಡೆಯುವ ಅರೆಸ್ಟರ್ ಹಾಕಿ ಅದನ್ನೂ ಅರ್ತಿಂಗ್‌ಗೆ ಸೇರಿಸಿ. ಇಷ್ಟಾದರೂ ನೇರ ಸಿಡಿಲಿಗೆ ಯಾವುದೂ ನಿಲ್ಲಲ್ಲ. ಮೋಡ ಕಟ್ಟಿದರೆ ಪ್ಲಗ್ ಕಿತ್ತು, ಲ್ಯಾನ್ ಕೇಬಲ್ಲೂ ಕಿತ್ತು ಇಡುವುದೇ ಸೈ. ಮನೆಯಿಂದ ತೋಟದ ಮನೆಗೆ ಲ್ಯಾನ್ ತಂತಿ ಎಳೆದವರು ಒಂದು ಯೋಚನೆ ಮಾಡಿ. ಸಿಡಿಲು ಅಲ್ಲಿ ಬಿದ್ದರೂ ತಂತಿಯಲ್ಲಿ ಇಲ್ಲಿಗೆ ಬರುತ್ತದೆ. ಅದರ ಬದಲು ಲೋಹದ ತಂತಿ ಇಲ್ಲದ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲ್ಲನ್ನು ಬೆಳಕಿಗೆ, ಬೆಳಕನ್ನು ಲ್ಯಾನ್‌ಗೆ ಬದಲಿಸುವ ಪೆಟ್ಟಿಗೆ) ಹಾಕಿದರೆ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ.

ಮಂಗನಿಗೆ ಮಾತ್ರ ಅರೆಸ್ಟರ್ ಇಲ್ಲ. ಅಡ್ಡಕ್ಕೆ ಚಾಚಿದ ಯಾಗಿ, ಲಾಗ್ ಪೀರಿಯಾಡಿಕ್ ಅವಕ್ಕೆ ಜೋಕಾಲಿ. ಮಂಗನ ಕಾಟ ಇರುವ ಕಡೆ ಚಪ್ಪಟೆ ಪ್ಯಾನೆಲ್ ಆಂಟೆನಾವನ್ನು ಕಂಬಕ್ಕೆ ಒತ್ತಿ ಕಟ್ಟಿ, ಕೇಬಲ್ಲನ್ನು ಜಿಐ ಪೈಪಿನ ಒಳಗಿಂದ ಇಳಿಸಿ. ಲಾಗ್ ಪೀರಿಯಾಡಿಕ್‌ಗೆ ನನ್ನ ಮತ ಅಂದಿದ್ದೆ, ನಿಜ. ನಮ್ಮನೆ ಮಾಡಿನ ಮೇಲೆ ಈಗ ಇರುವುದು ಪ್ಯಾನೆಲ್ಲೇ. ಹಳೆಯದರ ಎರಡು ಮುಳ್ಳು ಬಚ್ಚಲುಮನೆ ಹಿಂದೆ ಸಿಕ್ಕಿದವು, ಉಳಿದವು ಇನ್ನೂ ಸಿಕ್ಕಿಲ್ಲ.